ಎರಡನೆಯ ಮೈಕು

ಮೊನ್ನೆ ಹೊಸೂರಿನ ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ಯಾರದೋ ಮನೆಯ ಸೀಮಂತಕ್ಕೆ ಮೈಕು ಕಟ್ಟುತ್ತಿದ್ದರು. ಕಟ್ಟುವವನು ಅದರ ತಲೆ ಕುಟ್ಟಿ ‘ಹಲೋ’ ಎಂದದ್ದೇ ತಡ, ಒಳಗೆ ಕಾಫಿ ಕುಡಿಯುತ್ತಿದ್ದ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ನಗಬೇಡಿ. ನಾನೂ ಒಂದು ಕಾಲದಲ್ಲಿ ಮೈಕಿನ ಮನುಷ್ಯ. ಮೂರು ವರ್ಷ ದೇವರ ಮಾತನ್ನು ತಮಿಳಿನಿಂದ ಕನ್ನಡಕ್ಕೆ ಸಾಗಿಸಿದವನು.

ನಮ್ಮ ಕ್ರೈಸ್ತ ಪ್ರಾರ್ಥನಾ ಸಭೆಯನ್ನು ನೀವು ನೋಡಬೇಕಿತ್ತು. ತಗಡಿನ ಶೆಡ್ಡು, ಪ್ಲಾಸ್ಟಿಕ್ ಕುರ್ಚಿ, ನಲವತ್ತು ಜನ, ಆರು ಸ್ಪೀಕರು. ದೇವರಿಗೆ ಕಿವಿ ಮಂದ ಎಂಬುದು ನಮ್ಮ ಮೊದಲ ಸಿದ್ಧಾಂತ. ವೇದಿಕೆಯ ನಡುವೆ ಪಾಸ್ಟರು. ದೂರದ ಊರಿನವರು, ಕನ್ನಡದ ಗಂಧವಿಲ್ಲ. ಅವರ ಎಡಕ್ಕೆ ಎರಡನೆಯ ಮೈಕು ಹಿಡಿದು ನಾನು. ಮುಂದಿನ ಸಾಲಿನಲ್ಲಿ ಕೋಲಾರದ ಕಡೆಯಿಂದ ಬಂದು ನನ್ನ ಮನೆಯಲ್ಲಿದ್ದ ದೊಡ್ಡಮ್ಮ. ಆಕೆಗೆ ತಮಿಳು ಬಾರದು, ಹಾಗಾಗಿ ನಾನು ಹೇಳಿದ್ದೇ ವೇದವಾಕ್ಯ. ಆಕೆಯ ಪಕ್ಕದಲ್ಲಿ ನಮ್ಮ ನೆರೆಮನೆಯ ಎಸ್ತೇರಮ್ಮ, ನಿವೃತ್ತ ನರ್ಸು.

ಪಾಸ್ಟರು ಸೈತಾನನನ್ನು ಒಂದು ಸಲ ಗದರಿದರೆ ನಾನು ಎರಡು ಸಲ ಗದರುತ್ತಿದ್ದೆ. ಫ್ಯಾಕ್ಟರಿಯಲ್ಲಿ ನನ್ನ ಮಾತಿಗೆ ತಲೆ ಎತ್ತಿ ನೋಡುವವರೂ ಇರಲಿಲ್ಲ. ಇಲ್ಲಿ ನಲವತ್ತು ಬಾಯಿ ‘ಆಮೆನ್’ ಎನ್ನುತ್ತಿದ್ದವು. ವಿಶ್ವಾಸ ಹೆಚ್ಚಿದ್ದು ಯಾರ ಮೇಲೆ ಎಂದು ನನ್ನನ್ನು ಕೇಳಬೇಡಿ.

ಕಾಯಿಲೆ ಗುಣವಾದ ಮೇಲೆ ಎದ್ದು ನಿಂತು ಸಾಕ್ಷಿ ಹೇಳುವುದು ಹಳೆಯ ಕಾಲದ ಪದ್ಧತಿ. ನಮ್ಮಲ್ಲಿ ಸುಧಾರಣೆಯಾಗಿತ್ತು: ಮೊದಲು ಸಾಕ್ಷಿ, ಆಮೇಲೆ ಗುಣ. ‘ಗುಣವಾಯಿತು’ ಎಂದು ಬಾಯಿಬಿಟ್ಟು ಹೇಳಿದರೆ ಕಾಯಿಲೆಗೆ ನಾಚಿಕೆಯಾಗಿ ಅದು ಹೊರಟು ಹೋಗಬೇಕು. ಮನೆಯಲ್ಲಿ ಮಾತ್ರೆ ಇಟ್ಟುಕೊಂಡವನು ಅವಿಶ್ವಾಸಿ. ಇದನ್ನು ಹೇಳುವಾಗ ಪಾಸ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಕಣ್ಣಿನ ವಿಷಯದಲ್ಲಿ ಅವರ ವಿಶ್ವಾಸ ಇನ್ನೂ ದಾರಿಯಲ್ಲಿತ್ತು, ಪಾಪ.

ದೊಡ್ಡಮ್ಮನಿಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಒಂದು ಭಾನುವಾರ ಆಕೆಯೂ ಎದ್ದು ನಿಂತು ಸಾಕ್ಷಿ ಹೇಳಿಬಿಟ್ಟಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ಅಂದಿನಿಂದ ಮಾತ್ರೆ ನಿಂತಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಆಕೆಯ ಎಡಗಾಲಿನ ಕಿರುಬೆರಳಿನ ಬಳಿ ಹುಣ್ಣು. ಸೀರೆಯಂಚಿನಲ್ಲಿ ಅದನ್ನು ಮುಚ್ಚಿಕೊಂಡು, ಮೇಲೆ ಸಭೆಯ ಪ್ರಾರ್ಥನೆ ಎಣ್ಣೆ ಸವರಿಕೊಂಡು ಓಡಾಡುತ್ತಿದ್ದಳು. ವಾಸನೆ ಹಿಡಿದವರು ಎಸ್ತೇರಮ್ಮ. ನನ್ನನ್ನು ಹಿತ್ತಲಿಗೆ ಕರೆದು, ಇನ್ನೊಂದು ವಾರ ತಡೆದರೆ ಪಾದ ಹೋಗುತ್ತದೆ, ಆಮೇಲೆ ಮೊಣಕಾಲು ಎಂದರು. ದೇವರಲ್ಲಿ ವಿಶ್ವಾಸವಿಲ್ಲವೇ ಎಂದು ನಾನು ಪಾಸ್ಟರ ಧ್ವನಿಯಲ್ಲಿ ಕೇಳಿದೆ. ಅಭ್ಯಾಸಬಲ.

“ಮೂವತ್ತು ವರ್ಷ ಸೂಜಿ ಚುಚ್ಚಿದೀನಿ ಕಣಪ್ಪ,” ಎಂದರು ಅವರು. “ಒಂದೊಂದು ಸಲಾನೂ ಪ್ರಾರ್ಥನೆ ಮಾಡೇ ಚುಚ್ಚಿದ್ದು. ಪ್ರಾರ್ಥನೆ ಆಯ್ತಲ್ಲಾ ಅಂತ ಸೂಜಿ ಎತ್ತಿಟ್ಟಿದ್ದಿಲ್ಲ.”

ನಾನು ಒಳಗೆ ಹೋಗಿ, ಆಸ್ಪತ್ರೆಗೆ ಬಾ ಎಂದು ದೊಡ್ಡಮ್ಮನನ್ನು ಬೇಡಿಕೊಂಡೆ. ಬೈದೆ. ಅತ್ತೂ ನೋಡಿದೆ. ಆಕೆ ಜಗ್ಗಲಿಲ್ಲ.

“ಸಾಕ್ಸಿ ಹೇಳ್ಬುಟ್ಟಿದೀನಿ ಕಣ್ಲಾ. ಈಗ ಮಾತ್ರೆ ನುಂಗಿದ್ರೆ ದ್ಯಾವ್ರನ್ನ ಸುಳ್ಳುಗಾರ ಮಾಡ್ದಂಗೆ ಆಗಾಕಿಲ್ವಾ? ನೀನೇ ತಾನೆ ಮೈಕ್ನಾಗೆ ಹೇಳಿದ್ದು.”

ಹೌದು, ನಾನೇ. ಅದೂ ಎರಡು ಸಲ.

ಮುಂದಿನ ಭಾನುವಾರ ಪಾಸ್ಟರು ಮತ್ತೆ ಮಾತ್ರೆಯ ವಿಷಯಕ್ಕೆ ಬಂದರು. ಮಾತ್ರೆ ಇರುವ ಮನೆಯಲ್ಲಿ ಸೈತಾನನಿಗೆ ಬಾಗಿಲು ತೆರೆದಿರುತ್ತದೆ, ಇಂದೇ ಎಸೆಯಿರಿ ಎಂದು ತಮಿಳಿನಲ್ಲಿ ಗುಡುಗಿ ನನ್ನತ್ತ ತಿರುಗಿದರು. ನಾನು ಕನ್ನಡದಲ್ಲಿ ಹೇಳಿದೆ: “ಮಾತ್ರೆ ಬಿಟ್ಟಿರೋರು ಇವತ್ತೇ ನುಂಗಿ. ಕಾಲಲ್ಲಿ ಹುಣ್ಣಾಗಿದ್ರೆ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ. ಅವಸರದಲ್ಲಿ ಸಾಕ್ಷಿ ಹೇಳಿದ್ರೆ ದೇವರು ಕೋಪ ಮಾಡ್ಕೊಳ್ಳಲ್ಲ.”

ಎರಡೂ ಭಾಷೆ ಬಲ್ಲವರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಹೊಸೂರಿನಲ್ಲಿ ಅಂಥವರೇ ಹೆಚ್ಚು. ಸಭೆಯಲ್ಲಿ ಮುಕ್ಕಾಲು ಪಾಲು ಅವರೇ ಇದ್ದರು. ಆಗ ಎಸ್ತೇರಮ್ಮ ಶೆಡ್ಡಿನ ತಗಡು ಅದುರುವಂತೆ ‘ಆಮೆನ್’ ಎಂದರು. ಪಾಸ್ಟರು ಪರಮಾನಂದದಿಂದ ‘ಅಲ್ಲೇಲೂಯ’ ಎಂದರು. ಬಹುಶಃ ನಮ್ಮ ಸಭೆಯಲ್ಲಿ ಅವರು ಸರಿಯಾದ ಮಾತಿಗೆ ಅಲ್ಲೇಲೂಯ ಹೇಳಿದ್ದು ಅದೊಂದೇ ಸಲ.

ಪ್ರಾರ್ಥನೆ ಮುಗಿಯುವಷ್ಟರಲ್ಲಿ ಯಾರೋ ಅವರ ಕಿವಿಯಲ್ಲಿ ಊದಿದ್ದರು. ಮೈಕು ನನ್ನ ಕೈ ತಪ್ಪಿತು. ನನ್ನೊಳಗೆ ಸೈತಾನ ಹೊಕ್ಕಿದ್ದಾನೆಂದು ತೀರ್ಪಾಯಿತು. ಆ ತೀರ್ಪನ್ನು ಕನ್ನಡಕ್ಕೆ ತರಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ಮನೆಗೆ ಬಂದು ದೊಡ್ಡಮ್ಮನ ಮುಂದೆ ಕೂತೆ. ಮೋಸ ಮಾಡಿದೆನೆಂಬ ಅಳುಕು. ಆಕೆ ಕಾಲು ನೀವಿಕೊಳ್ಳುತ್ತಾ ಹೇಳಿದಳು.

“ಅಯ್ನೋರು ಹೇಳಿದ್ದು ಅದಲ್ಲ ಅಂತ ನಂಗೂ ಗೊತ್ತಾಯ್ತು ಕಣ್ಲಾ. ಸೈತಾನನ್ನ ಎಲ್ಡ್ ಸಲ ಗದರೋ ನೀನು ಇವತ್ತು ಅವನ ಹೆಸ್ರೇ ಎತ್ಲಿಲ್ಲ. ಅಷ್ಟು ಜನದ ಮುಂದೆ ಮಾನ ಬಿಟ್ಟು ಸುಳ್ಳು ಹೇಳ್ದೆ ಅಂದ್ರೆ ಈ ಕಾಲು ದಿಟವಾಗ್ಲೂ ಹೋಯ್ತದೆ ಅಂತ್ಲೇ ಅಲ್ವಾ?” ಆಮೇಲೆ ಹುಣ್ಣಿನ ಮೇಲಿನ ಸೀರೆಯಂಚು ಸರಿಸಿ, “ಎಷ್ಟ್ ಗಂಟೆಗೆ ಹೋಗಾದು?” ಎಂದಳು.

ಸೋಮವಾರ ಬೆಳಿಗ್ಗೆ ಎಸ್ತೇರಮ್ಮನೂ ನಾನೂ ಆಕೆಯನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಕಿರುಬೆರಳು ತೆಗೆದರು. ಪಾದ ಉಳಿಯಿತು.

ಅದಾಗಿ ಮೂರು ತಿಂಗಳಿಗೆ, ಸಭೆಗೆ ಬರುತ್ತಿದ್ದ ತೊರಪಲ್ಲಿಯ ಹೆಂಗಸೊಬ್ಬಳು ಬಿ.ಪಿ. ಮಾತ್ರೆ ನಿಲ್ಲಿಸಿದ್ದಾಳೆಂಬ ಸುದ್ದಿ ಬಂತು. ದೊಡ್ಡಮ್ಮ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಆ ಮನೆಯ ಜಗಲಿಯಲ್ಲಿ ಕೂತು ಯಾವ ವಚನವನ್ನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು, ಎಡಗಾಲನ್ನು ಆಕೆಯ ಮುಂದೆ ಚಾಚಿದಳು. ಆ ಹೆಂಗಸು ಬೆರಳಿಲ್ಲದ ಜಾಗವನ್ನು ನೋಡಿದಳು. ಎದ್ದು ಒಳಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಮಾತ್ರೆಯ ಪೊಟ್ಟಣ ತೆಗೆದುಕೊಂಡು ಬಂದು, ಬೆಳಗಿನದು ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದಳು.