ಪರದೆಯ ಮೇಲಿನ ಹರಿನಾಥ

ಕುಂಜತ್ತೂರಿನ ಶಂಕರಿ ಬೀಡಿ ಕಟ್ಟಿ ಬದುಕುವವಳು. ಗಂಡ ಹರಿನಾಥ ಪೈಂಟರ್. ಮನೆಗಳಿಗೆ ಬಣ್ಣ ಬಳಿಯುತ್ತಿದ್ದ, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಕೆಲಸ ಅಚ್ಚುಕಟ್ಟು, ಆದರೆ ಮೂಗಿನ ಮೇಲೆ ಸಿಟ್ಟು. ಊಟಕ್ಕೆ ಕೂತರೆ ಒಂದಲ್ಲ ಒಂದು ತಕರಾರು ತೆಗೆಯದೆ ಏಳುವವನಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಕೆಲವು ವರ್ಷ ಮಂಗಳೂರಿನ ಡಾಕ್ಟರುಗಳ ಬಳಿ ಅಲೆದರು. ಒಮ್ಮೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಹರಿನಾಥನೇ, "ಸಾಕು ಮಾರಾಯ್ತಿ, ನಾವಿಬ್ಬರು ಇದ್ದೇವಲ್ಲ" ಎಂದ. ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ಸಾವಿರದ ನಾಲ್ಕರ ಮಳೆಗಾಲದ ಆರಂಭದಲ್ಲಿ ಹೊಳೆಯಾಚೆಯ ನೆಂಟರ ಹೊಸ ಮನೆಯ ಒಕ್ಕಲಿಗೆ ಹರಿನಾಥ ಒಬ್ಬನೇ ಹೋದ. ಶಂಕರಿಗೆ ಜ್ವರವಿತ್ತು. ಸಂಜೆ ಮರಳುವಾಗ ದೋಣಿ ನಡುಹೊಳೆಯಲ್ಲಿ ಮಗುಚಿತು. ಕೆಲವರು ಈಜಿ ದಡ ಸೇರಿದರು. ಹನ್ನೊಂದು ಮಂದಿ ಹೋದರು. ಈಜು ಬಾರದ ಹರಿನಾಥ ಅವರಲ್ಲಿ ಒಬ್ಬ.

ಒಂಬತ್ತು ವರ್ಷ ಕಳೆದ ಮೇಲೆ ರಶ್ಮಿತಾ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಆ ದುರಂತದ ಬಗ್ಗೆ ಸಿನಿಮಾ ಆಗುತ್ತಿದೆ, ತಾನು ಅದರ ಸಹಾಯಕ ನಿರ್ದೇಶಕಿ ಎಂದಳು. ಮಡಿಲ ಮೇಲೆ ತಡ್ಪೆಯ ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಕೂತಿದ್ದ ಶಂಕರಿಯ ಎದುರು ಚಾಪೆಯಲ್ಲೇ ಕೂತು, ಎರಡು ಸಂಜೆ ಕೇಳಿದಳು. ಹರಿನಾಥನ ಬಗ್ಗೆ ಅಷ್ಟು ಹೊತ್ತು ಕೂತು ಯಾರೂ ಕೇಳಿರಲಿಲ್ಲ. ಶಂಕರಿ ಅವನ ಸಿಟ್ಟು ಹೇಳಿದಳು, ತಲೆಗೂದಲಲ್ಲಿ ಸದಾ ಇರುತ್ತಿದ್ದ ಟರ್ಪೆಂಟೈನ್ ವಾಸನೆ ಹೇಳಿದಳು, ಬಸ್ಸಿನಲ್ಲಿ ಆಡಿದ ಮಾತನ್ನೂ ಹೇಳಿದಳು. ಹೊರಡುವಾಗ ರಶ್ಮಿತಾ ಗೋಡೆಯಲ್ಲಿದ್ದ ಮದುವೆ ಫೋಟೊ ಕೇಳಿದಳು.

"ಒಂದು ವಾರಕ್ಕೆ ಸಾಕು ಅಕ್ಕ. ನಾನೇ ತಂದು ಕೊಡ್ತೇನೆ."

ಹರಿನಾಥನದ್ದೆಂದು ಇದ್ದ ಫೋಟೊ ಅದೊಂದೇ. ಶಂಕರಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಳು.

ಸಿನಿಮಾ ಬಂದಾಗ ಪಾಸು ಬಂತು, ಫೋಟೊ ಬರಲಿಲ್ಲ. ಕಟ್ಟಿದ ಬೀಡಿ ಕೊಟ್ಟು ಎಲೆ ತರುವ ಬ್ರಾಂಚಿನ ಗೆಳತಿ ಮೂಕಾಂಬಿಕಾಳನ್ನು ಕರೆದುಕೊಂಡು ಶಂಕರಿ ಮಂಗಳೂರಿಗೆ ಹೋದಳು. ಪರದೆಯ ಮೇಲಿನ ಹರಿನಾಥ ಎತ್ತರದ ಆಳು, ನಗುಮುಖ, ಯಾರ ಮೇಲೂ ರೇಗುವವನಲ್ಲ. ಅವನಿಗೊಬ್ಬಳು ಪುಟ್ಟ ಮಗಳು. ಪೇಟೆಯಿಂದ ಅವಳಿಗಾಗಿ ಗೊಂಬೆ ತರುತ್ತಾನೆ. ದೋಣಿ ಮಗುಚಿದಾಗ ಮೂರು ಮಕ್ಕಳನ್ನು ಒಬ್ಬೊಬ್ಬರಾಗಿ ದಡ ಸೇರಿಸಿ, ನಾಲ್ಕನೆಯ ಸಲ ನೀರಿಗೆ ಹಾರಿದವನು ಮೇಲೆ ಬರುವುದಿಲ್ಲ. ಹೆಂಡತಿ ದೀಪದ ಮುಂದೆ ಕೂತು ಅಳುತ್ತಾಳೆ. ಅವಳಿಗೆ ಇಡೀ ಸಿನಿಮಾದಲ್ಲಿ ನಾಲ್ಕು ಮಾತೂ ಇಲ್ಲ. ಅವಳ ಹಿಂದಿನ ಗೋಡೆಯಲ್ಲಿ ಮದುವೆ ಫೋಟೊ. ಒಂದು ಮೂಲೆ ಸೀಳಿದ್ದ ಆ ಚೌಕಟ್ಟು ತನ್ನದೇ ಎಂದು ಶಂಕರಿಗೆ ತಕ್ಷಣ ಗೊತ್ತಾಯಿತು. ಒಳಗಿದ್ದ ಇಬ್ಬರು ಮಾತ್ರ ಬೇರೆ.

ಥಿಯೇಟರಿನ ತುಂಬ ಮೂಗೊರೆಸುವ ಸದ್ದು. ಮೂಕಾಂಬಿಕಾ ಸೆರಗು ಬಾಯಿಗಿಟ್ಟು ಬಿಕ್ಕುತ್ತಿದ್ದಳು. ಶಂಕರಿಗೆ ಅಳು ಬರಲಿಲ್ಲ. ಯಾರದೋ ಮನೆಯ ಸಾವಿಗೆ ಬಂದು ಕೂತ ಹಾಗಿತ್ತು.

ಆಮೇಲೆ ಊರು ಅವಳನ್ನು ನೋಡುವ ರೀತಿಯೇ ಬದಲಾಯಿತು. ಬಸ್ ಸ್ಟಾಪಿನಲ್ಲಿ ಗುರುತಿಲ್ಲದ ಹೆಂಗಸರು ಕೈ ಹಿಡಿದುಕೊಂಡು, "ಮಗಳು ಈಗ ಎಂತ ಓದುವುದು?" ಎಂದು ಕೇಳುತ್ತಿದ್ದರು. ಮಗಳಿಲ್ಲ ಎಂದರೆ ಅವರ ಮುಖ ಇಳಿಯುತ್ತಿತ್ತು. ಕೆಲವರು ಮಗುವೂ ತೀರಿಹೋಯಿತೆಂದು ತಿಳಿದು ಇನ್ನಷ್ಟು ಮರುಗುತ್ತಿದ್ದರು. ಅವನಿಗೆ ಈಜು ಬರುತ್ತಿರಲಿಲ್ಲ ಎನ್ನುವುದನ್ನು ಹೇಳಲು ಬಾಯಿಯೇ ಬರುತ್ತಿರಲಿಲ್ಲ. ಹೇಳಿದರೆ ಗಂಡನ ಮರ್ಯಾದೆ ತಾನೇ ತೆಗೆದ ಹಾಗೆ.

"ಒಳ್ಳೆದೇ ತೋರಿಸಿದ್ದಾರಲ್ಲ, ನಿನಗೆ ಎಂತ ಬೇಜಾರು?" ಎಂದಳು ಮೂಕಾಂಬಿಕಾ.

"ಒಳ್ಳೆದು ಹೌದು. ಆದರೆ ಅದು ಇವರಲ್ಲ."

"ಸತ್ತವರು ಹೇಗಿದ್ರೆ ಎಂತ ಮಾರಾಯ್ತಿ, ಹೆಸರು ಉಳಿಯಿತಲ್ಲ."

ಆ ವರ್ಷದ ಸ್ಮರಣೆಗೆ ಊರಿನ ಕ್ಲಬ್ಬಿನವರು ದೋಣಿ ಕಡವಿನ ಬಳಿ ಫ್ಲೆಕ್ಸ್ ಕಟ್ಟಿದರು. ಉಳಿದ ಹತ್ತು ಮಂದಿಯದು ಸ್ಟಾಂಪಿನಷ್ಟು ಚಿಕ್ಕ, ಮಂಕು ಚಿತ್ರಗಳು. ನಡುವೆ ದೊಡ್ಡದಾಗಿ ಆ ನಟ. ಕೆಳಗೆ 'ಹರಿನಾಥ' ಎಂಬ ಹೆಸರು. ಶಂಕರಿ ಕ್ಲಬ್ಬಿನ ಕಾರ್ಯದರ್ಶಿ ಅಶ್ವಿತ್‌ನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡ.

"ಹರಿಯಣ್ಣನ ಫೋಟೊ ಎಲ್ಲಿಯೂ ಸಿಗಲಿಲ್ಲ ಅಕ್ಕ. ನಿಮ್ಮಲ್ಲಿ ಉಂಟಾ?"

ಅಂದು ಮನೆಗೆ ಬಂದು ಬೀಡಿ ಕಟ್ಟುತ್ತ ಕೂತವಳು ಗಂಡನ ಮುಖವನ್ನು ನೆನೆಯಲು ನೋಡಿದಳು. ಬಂದದ್ದು ಆ ನಟನ ಮುಖ. ಕಣ್ಣು ಮುಚ್ಚಿದಳು, ತೆರೆದಳು. ಹಣೆ, ಮೀಸೆ ಎಂದು ಒಂದೊಂದಾಗಿ ಜೋಡಿಸಲು ನೋಡಿದಳು. ಮೀಸೆಯವರೆಗೆ ಬರುವಷ್ಟರಲ್ಲಿ ಮತ್ತೆ ಆ ನಗುವೇ ಮೂಡಿತು. ಕೈಯಲ್ಲಿದ್ದ ಎಲೆ ಹರಿಯಿತು. ಕೂಡಲೇ ರಶ್ಮಿತಾಳಿಗೆ ಫೋನ್ ಮಾಡಿದಳು.

"ಫೋಟೊ ಸೆಟ್ ಹಾಕುವ ಆರ್ಟಿನವರ ಹತ್ತಿರ ಇತ್ತು ಅಕ್ಕ, ಈಗ ಎಲ್ಲರೂ ಬೇರೆ ಬೇರೆ ಕಡೆ ಹೋಗಿದ್ದಾರೆ. ಹುಡುಕ್ತೇನೆ, ಖಂಡಿತ" ಎಂದಳು ರಶ್ಮಿತಾ. ಮಾತು ತಡವರಿಸುತ್ತಿತ್ತು.

"ನಾನು ಹೇಳಿದ್ದು ಒಂದೂ ಇಲ್ಲವಲ್ಲ ಅದರಲ್ಲಿ. ಆ ಮಗು ಯಾರು?"

"ಅದು ಡೈರೆಕ್ಟರ್ ಸೇರಿಸಿದ್ದು. ಮಗು ಇದ್ರೆ ಮಾತ್ರ ಜನರ ಮನಸ್ಸಿಗೆ ತಾಗುವುದು ಅಂತ..."

"ಮಗು ಇಲ್ಲದವರು ಸತ್ತರೆ ಯಾರಿಗೂ ತಾಗುವುದಿಲ್ಲವಾ?"

"ಸಾರಿ ಅಕ್ಕ" ಎಂದಳು ಹುಡುಗಿ. ಫೋಟೊ ಮತ್ತೆ ಬರಲೇ ಇಲ್ಲ.

ಮರುದಿನ ಶಂಕರಿ ಮಂಜೇಶ್ವರಕ್ಕೆ ಬಸ್ಸು ಹತ್ತಿದಳು. ಅಲ್ಲಿ ಬಾವಾ ಇದ್ದ, ಎಲ್ಲರೂ ಗೌರವದಿಂದ ಬಾವಾಕ ಎಂದು ಕರೆಯುವವ. ಒಣಮೀನಿನ ವ್ಯಾಪಾರಿ, ಅಂದು ಅದೇ ದೋಣಿಯಲ್ಲಿದ್ದು ಈಜಿ ಬದುಕಿದವರಲ್ಲಿ ಒಬ್ಬ. ಹರಿನಾಥನ ಪಕ್ಕದಲ್ಲೇ ಕೂತಿದ್ದನೆಂದು ಅವಳು ಕೇಳಿದ್ದಳು; ಇಷ್ಟು ವರ್ಷ ಹೋಗಿ ವಿಚಾರಿಸುವ ಧೈರ್ಯ ಬಂದಿರಲಿಲ್ಲ. ಅವನಿಗೀಗ ವಯಸ್ಸಾಗಿತ್ತು. ಸೊಸೆ ಶಿಬಿಲಾ ಕುರ್ಚಿ ಹಾಕಿ ಚಾ ಕೊಟ್ಟಳು.

"ಸಿನಿಮಾ ನೋಡಿದಿರಾ ಬಾವಾಕ?"

"ಮೊಮ್ಮಕ್ಕಳು ಮೊಬೈಲಲ್ಲಿ ತೋರಿಸಿದರು. ಅದರಲ್ಲಿ ನಾನು ಇಲ್ಲವೇ ಇಲ್ಲ. ಬದುಕಿದವರು ಅವರಿಗೆ ಯಾಕೆ?"

ಶಂಕರಿ ಚಾ ಲೋಟ ಕೆಳಗಿಟ್ಟಳು. "ಇವರು ಕೊನೆಗೆ ಎಂತ ಹೇಳಿದರು? ಇದ್ದ ಹಾಗೆ ಹೇಳಿ."

ಬಾವಾ ಅಂಗಳದ ಕಡೆ ನೋಡಿದ. "ಎಂತ ಹೇಳುವುದು ಶಂಕರಿಯಕ್ಕ. ಹೆದರಿ ದೋಣಿಯ ನಟ್ಟನಡುವೆ ಕೂತಿದ್ದ. ಕಡವು ಬಿಟ್ಟಾಗಿನಿಂದ ಅಡುಗೆಯವರಿಗೆ ಬೈಯುವುದೇ. ಪಾಯಸಕ್ಕೆ ಬೆಲ್ಲ ಕಮ್ಮಿಯಂತೆ, ಕಡಲೆ ಬೆಂದಿರಲಿಲ್ಲವಂತೆ. 'ಅಷ್ಟು ದೊಡ್ಡ ಮನೆ ಕಟ್ಟಿಸಿದ್ದಾರೆ ಬಾವಾಕ, ಒಂದು ಸರಿಯಾದ ಪಾಯಸ ಮಾಡಿಸಲಿಕ್ಕೆ ಆಗಲಿಲ್ಲವಾ' ಅಂತ ಕೇಳಿದ. ನಾನು ನಗುತ್ತಾ ಇದ್ದೆ. ಅಷ್ಟರಲ್ಲಿ ದೋಣಿ ವಾಲಿತು. ಮತ್ತೆ ನಾನು ಅವನನ್ನು ಕಾಣಲಿಲ್ಲ."

ಶಂಕರಿಗೆ ನಗು ಬಂತು. ತಡೆಯಲು ನೋಡಿದರೂ ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವಳು ಅತ್ತಳು. ಒಳಗಿದ್ದ ಶಿಬಿಲಾ ಗಾಬರಿಯಾಗಿ ಬಾಗಿಲಿಗೆ ಬಂದಳು. ಬಾವಾ ಕೈಸನ್ನೆ ಮಾಡಿ ಅವಳನ್ನು ಕಳಿಸಿದ.

ಮುಖ ಪೂರ್ತಿ ಮರಳಲಿಲ್ಲ. ಆದರೆ ಬಸ್ಸಿನಲ್ಲಿ ಕೂತಾಗ ದನಿ ಇತ್ತು, ಆ ಗೊಣಗಾಟ ಇದ್ದಕ್ಕಿದ್ದ ಹಾಗೆ ಕಿವಿಯಲ್ಲಿತ್ತು. ಯಾರಿಗಾದರೂ ಹೇಳಬೇಕೆನ್ನಿಸಿತು. ಪಕ್ಕದ ಸೀಟಿನ ಹೆಂಗಸು ನಿದ್ದೆ ಹೋಗಿದ್ದಳು. ಮಾರನೆಯ ದಿನ ಬ್ರಾಂಚಿನಲ್ಲಿ ಮೂಕಾಂಬಿಕಾಳಿಗೆ ಹೇಳಿದಳು. ಅವಳು ಕೇಳಿ, "ಪಾಪ, ಅದನ್ನೆಲ್ಲ ಯಾರಲ್ಲಿಯೂ ಹೇಳಬೇಡ" ಎಂದು ಮೆಲ್ಲಗೆ ಬುದ್ಧಿ ಹೇಳಿದಳು.

ಶಂಕರಿ ಮತ್ತೆ ಯಾರಿಗೂ ಹೇಳಲಿಲ್ಲ. ಮುಂದಿನ ವರ್ಷಗಳಲ್ಲಿ ಸ್ಮರಣೆಯ ದಿನ ಕಡವಿಗೆ ಹೋಗದೆ ಬಾವಾನ ಜಗಲಿಗೆ ಹೋಗಿ ಕೂರುತ್ತಿದ್ದಳು. ಇಬ್ಬರ ನಡುವೆ ಹೆಚ್ಚು ಮಾತಿರುತ್ತಿರಲಿಲ್ಲ. ಎರಡು ಸಾವಿರದ ಹದಿನೇಳರಲ್ಲಿ ಬಾವಾ ತೀರಿಕೊಂಡ. ಆಮೇಲೆ ಬಂದ ಸ್ಮರಣೆಯ ದಿನ ಅವಳು ಎಂದಿನಂತೆ ಬ್ರಾಂಚಿಗೆ ಹೋಗಿ ಬೀಡಿ ಕೊಟ್ಟು, ಎಲೆ, ಹೊಗೆಸೊಪ್ಪು ತಂದು, ಮಳೆ ಜೋರಾಗುವ ಮೊದಲೇ ಮನೆ ಸೇರಿದಳು.