ಡ್ಯಾಶ್ ಅಕ್ಕನ ಕಪ್ಪು ಪರದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಆಫೀಸಿನಲ್ಲಿ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಕೂತಿವೆ. ಕೆಳಗಿಳಿದಿರುವುದು ಎರಡೇ, ಒಂದರಲ್ಲಿ ಲೇಖನ ಬರೆಯಲು ಬಂದ ನಾನು, ಇನ್ನೊಂದರಲ್ಲಿ ಶಾಲೆಯ ಟೈಪಿಸ್ಟ್. ಎದುರಿನ ಹಳೇ ಕಂಪ್ಯೂಟರಿನಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಮೌಸ್ ಕೂಡ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೆ. ಒಂದು ಸಾಲಿನ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಮಳೆಯ ಪಾಠದಿಂದ ಮೋಡ, ಆವಿ, ಹನಿ ಎಲ್ಲ ಮಾಯವಾಗಿ ಅಲ್ಲಲ್ಲಿ ಗೆರೆ ಬೀಳುತ್ತದೆ. ಕಿತ್ತ ಪದಗಳು ಹಿಂದುಮುಂದಾಗಿ ಹಾಳೆಯ ಅಡಿಯಲ್ಲಿ ಬಂದು ಕೂರುತ್ತವೆ. ಬಿಟ್ಟ ಸ್ಥಳ ತುಂಬಿರಿ! ಮಕ್ಕಳು ಇವರನ್ನು ಕರೆಯುವುದೇ ಡ್ಯಾಶ್ ಅಕ್ಕ ಎಂದು.

ಒಂದು ಪಾಠಕ್ಕೆ ಮೂರು ಬಗೆಯ ಹಾಳೆ. ತಡವರಿಸುವವರಿಗೆ ಮೊದಲ ಅಕ್ಷರ ಉಳಿಸಿದ್ದು, ನಡುವಿನವರಿಗೆ ಅಡಿಯಲ್ಲಿ ಪದ ಕೊಟ್ಟದ್ದು, ಚುರುಕಿನವರಿಗೆ ಸುಳಿವೇ ಇಲ್ಲದ್ದು. "ಎಲ್ಲರಿಗೂ ಒಂದೇ ಅಳತೆ ಚಪ್ಪಲಿ ಕೊಟ್ರೆ ಅರ್ಧ ಮಕ್ಕಳು ಕುಂಟ್ತಾರೆ," ಎನ್ನುತ್ತಾರೆ. ಸಿಗುವುದು ಟೈಪಿಂಗ್ ಸಂಬಳ ಮಾತ್ರ. ಬಿಟ್ಟಿ ಚಾಕರಿ ಎಂದು ಮನೆಯಲ್ಲಿ ಅತ್ತೆ ಗೊಣಗುತ್ತಾರೆ. ಗೊಣಗುತ್ತಲೇ ಬೆಳಗಿನ ಡಬ್ಬಿ ಕಟ್ಟಿಕೊಡುತ್ತಾರೆ.

ಈ ವರ್ಷ ಮುಖ್ಯೋಪಾಧ್ಯಾಯರು ಬಣ್ಣಬಣ್ಣದ ಅಭ್ಯಾಸ ಪುಸ್ತಕ ತರಿಸಿದ್ದಾರೆ. ಉತ್ತರ ಕೊನೆಯ ಪುಟದಲ್ಲೇ ಇದೆ, ಮಕ್ಕಳು ಹಾಯಾಗಿ ನೋಡಿ ಇಳಿಸುತ್ತಾರೆ. ಡ್ಯಾಶ್ ಅಕ್ಕನ ಹಾಳೆ ನಿಲ್ಲಿಸಲು ಅವರಿಗೊಂದು ನೆಪ ಬೇಕಿತ್ತು. ಕಳೆದ ತಿಂಗಳು ಸಿಕ್ಕಿತು. ಅಕ್ಕ ಆಜ್ಞೆಯಲ್ಲಿ ಒಂದು ಚುಕ್ಕಿ ಹಾಕಿಬಿಟ್ಟಿದ್ದರು. ನಮಗೆ ಚುಕ್ಕಿಯೆಂದರೆ ವಾಕ್ಯ ಮುಗಿಯಿತು; ಆ ಪರದೆಗೆ ಚುಕ್ಕಿಯೆಂದರೆ ಯಾವ ಅಕ್ಷರವಾದರೂ ಸೈ. ಎಲ್ಲ ಅಕ್ಷರವೂ ಕಿತ್ತುಹೋಗಿ ಇಡೀ ಪಾಠ ಬರೀ ಗೆರೆಯಾಯಿತು. ನೋಡದೆ ಪ್ರಿಂಟ್ ತೆಗೆದು ತರಗತಿಗೆ ಕಳಿಸಿದರು.

ಮಕ್ಕಳು ನಕ್ಕು ದೋಣಿ ಮಡಚಿದರು. ಆದರೆ ವರ್ಷವಿಡೀ ಒಂದು ಗೆರೆಯನ್ನೂ ತುಂಬದ ಹಿಂದಿನ ಬೆಂಚಿನ ಹುಡುಗಿ ಅಂದು ಪೂರ್ತಿ ಹಾಳೆ ತುಂಬಿದಳು. 'ಮಳೆ ಬಂದರೆ ನಮ್ಮ ಮನೆ ಸೋರುತ್ತದೆ. ಅಪ್ಪ ಪಾತ್ರೆ ಇಡುತ್ತಾನೆ. ಆ ಸದ್ದು ಕೇಳುತ್ತ ನನಗೆ ನಿದ್ದೆ ಬರುತ್ತದೆ.' ಅಕ್ಕ ಎತ್ತಿಟ್ಟಿರುವ ಆ ಹಾಳೆಯನ್ನು ನಾನು ಎರಡು ಸಲ ಓದುತ್ತೇನೆ. ಮುಖ್ಯೋಪಾಧ್ಯಾಯರಿಗೆ ಕಂಡದ್ದು ದಂಡವಾದ ಕಾಗದ ಮಾತ್ರ.

ನಾನು ಕೂತಿರುವಾಗಲೇ ಅವರು ಒಳಗೆ ಬರುತ್ತಾರೆ. "ಇವತ್ತು ಸಂಜೆ ಒಳಗೆ ಈ ಕಂಪ್ಯೂಟರ್ ಗುಜರಿಗೆ ಹೋಗ್ಬೇಕು ಅಂದಿದ್ದೆನಲ್ಲಮ್ಮ?"

ಅಕ್ಕ ಏಳುವುದೂ ಇಲ್ಲ. "ಗುಜರಿಗೆ ಹಾಕೋಕೆ ಇದು ಸ್ಕೂಲಿಂದಲ್ಲ ಸರ್, ನಂದು. ಹಿಂದೆ ಕೆಲಸ ಮಾಡ್ತಿದ್ದ ಪ್ರೆಸ್ ಮುಚ್ಚಿದಾಗ ನಾನೇ ಹೊತ್ಕೊಂಡು ಬಂದಿದ್ದು."

"ಹಾಗಿದ್ರೆ ನನ್ನ ಆಫೀಸಲ್ಲಿ ಬೇಡ."

"ಆಗ್ಲಿ ಸರ್. ಮೆಟ್ಟಿಲ ಕೆಳಗೆ ಜಾಗ ಇದೆ. ಪ್ಲಗ್ ಪಾಯಿಂಟೂ ಇದೆ, ನೋಡ್ಕೊಂಡಿದೀನಿ."

ಅವರು ಬಾಗಿಲು ದಬ್ಬಿಕೊಂಡು ಹೋಗುತ್ತಾರೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಅಕ್ಕ ಮತ್ತೆ ಟೈಪ್ ಮಾಡತೊಡಗುತ್ತಾರೆ. ಅಲ್ಲಿಂದಲೂ ಓಡಿಸಿದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಆಗಿನ ಮಾತು ಆಗ. ನಾಳೆಗೆ ಆ ಹುಡುಗಿ ಇನ್ನೊಂದು ಖಾಲಿ ಹಾಳೆ ಕೇಳಿದಾಳೆ. ಆ ಚುಕ್ಕಿ ಮತ್ತೆ ಹಾಕ್ತೀನಿ," ಎನ್ನುತ್ತಾ ಪರದೆಯಿಂದ ಕಣ್ಣು ತೆಗೆಯುತ್ತಾರೆ. "ಈ ಸಲ ತಪ್ಪಿ ಅಲ್ಲ, ಬೇಕಂತ್ಲೇ."