ಮಾರಣ್ಣನ ಕ್ಯಾಸೆಟ್ಟಿಗೆ ಪ್ರಚಾರ

"ಚಿಕ್ಕಪ್ಪ, ಈಗ ಪುಸ್ತಕ ಓದೋದೇ ಬೇಡ, ಕೇಳಿದ್ರೆ ಸಾಕು" ಎಂದು ಅಣ್ಣನ ಮಗಳು ಮೊನ್ನೆ ತನ್ನ ಫೋನನ್ನು ನನ್ನ ಕಿವಿಗೆ ಹಿಡಿದಳು. ಅವಳದು ಜಾಹೀರಾತು ಬರೆಯುವ ಕೆಲಸ. ಯಾರೋ ಹೋರಾಟಗಾರರ ಆತ್ಮಕಥೆಯನ್ನು ದನಿಯಲ್ಲಿ ಹೊರತರುತ್ತಿದ್ದಾರಂತೆ, ಅದಕ್ಕೆ ಪ್ರಚಾರ ಮಾಡಬೇಕಂತೆ. ಹೊಸ ಲೋಕವನ್ನೇ ಕಂಡುಹಿಡಿದವಳ ಹಾಗೆ ಕಣ್ಣರಳಿಸಿದ್ದಳು. ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಅವಳ ಮೇಲಲ್ಲ. ಯಾರ ಮೇಲೆ ಎಂದು ನಿಮಗೂ ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದಲ್ಲಿ ನಾನು ಶಿರಾದ ಒಂದು ಕ್ಯಾಸೆಟ್ ಅಂಗಡಿಯ ಪ್ರಚಾರಕ. ಅಂದರೆ ಬಾಡಿಗೆ ಜೀಪಿನಲ್ಲಿ ಮೈಕು ಹಿಡಿದು ಕೂತು, ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಊರೂರು ಸುತ್ತಿ ಗಂಟಲು ಹರಿದುಕೊಳ್ಳುವವನು. ಪಾವಗಡದ ಕಡೆ ಅರ್ಧ ತೆಲುಗು ಬೆರೆಸುತ್ತಿದ್ದೆ. ಅಲ್ಲಿನವರು ನನ್ನ ತೆಲುಗು ಕೇಳಿ ನಗುತ್ತಿದ್ದರು, ನಾನು ಅದನ್ನು ಮೆಚ್ಚುಗೆ ಎಂದುಕೊಳ್ಳುತ್ತಿದ್ದೆ. ಭಕ್ತಿಗೀತೆಯಿರಲಿ, ನಾಟಕದ ಹಾಡಿರಲಿ, "ಕೇಳಿರಿ, ಕೇಳಿ ಆನಂದಿಸಿರಿ!" ಎಂಬುದೇ ನನ್ನ ಪಲ್ಲವಿ.

ಮಾರಣ್ಣ ಮದಲೂರಿನ ಆಚೆಯವರು, ದಲಿತ ಕೇರಿಯವರು. ಊರಬಾವಿಗೆ ಹಗ್ಗ ಬಿಟ್ಟಿದ್ದಕ್ಕೆ ಒದೆ ತಿಂದು, ಮಾರನೆಯ ದಿನ ಮತ್ತೆ ಅದೇ ಬಾವಿಗೆ ಹಗ್ಗ ಬಿಟ್ಟವರು. ಸುತ್ತಲ ತಾಲ್ಲೂಕುಗಳಲ್ಲಿ ಕೇರಿಯವರನ್ನು ಎಲ್ಲಿ ತಡೆದರೂ ನಡೆದುಕೊಂಡೇ ಹೋಗಿ ಎದುರು ನಿಲ್ಲುತ್ತಿದ್ದರು. ಅವರ ಬದುಕನ್ನು ಪುಸ್ತಕ ಮಾಡೋಣ ಎಂದು ದಲಿತ ಸಂಘದ ಹುಡುಗರು ಹೊರಟಾಗ, "ಓದಕ್ ಬರ್ದಿರೋರು ಪುಸ್ತಕ ತಗಂಡು ಏನ್ ಮಾಡಾರ್ಲಾ? ಕೇಳಂಗೆ ಮಾಡ್ರಿ" ಅಂದರಂತೆ. ಹಾಗೆ ಅವರೇ ಹೇಳಿದ ಕಥೆ ಕ್ಯಾಸೆಟ್ಟಾಯಿತು. ಮಾರುವ ಹೊಣೆ ನಮ್ಮ ಅಂಗಡಿಗೆ ಬಂತು.

ನಾನು ಉತ್ಸಾಹದಿಂದ ಬರೆದೆ: "ಜೇನಿನಂಥ ಕಂಠ! ಕಲ್ಲನ್ನೂ ಕರಗಿಸುವ ಕರುಣಕಥೆ!" ಮಾರಣ್ಣನ ಮುಂದೆ ರಾಗವಾಗಿ ಓದಿದೆ. ಅವರು ಬೀಡಿ ಆರಿಸಿದರು. "ಕರುಣೆ ಯಾವನ್ ಕೇಳ್ದ್ನಲಾ? ಒದೆ ತಿಂದಿದ್ದು, ತಿರುಗ್ ನಿಂತಿದ್ದು ಹೇಳಿವ್ನಿ. ಅಷ್ಟ್ ಬರಿ ಸಾಕು." ನನ್ನ ಸಾಹಿತ್ಯಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು. ಅಂಗಡಿಯ ಯಜಮಾನರು ಮಾತ್ರ ಜೇನೇ ಇರಲಿ, ಅದೇ ಓಡುವುದು ಎಂದರು. ಬಸ್ಸು ನಿಲ್ಲುವ ಕಡೆಯ ಹೋಟೆಲುಗಳಿಗೆಲ್ಲ ಒಂದೊಂದು ಕ್ಯಾಸೆಟ್ ಪುಕ್ಕಟೆ ಹಂಚಿದ್ದೂ ಅವರೇ. ಆಗ ಹೊಸ ಕ್ಯಾಸೆಟ್ಟು ಜನರ ಕಿವಿಗೆ ಬೀಳುತ್ತಿದ್ದದ್ದು ಹೋಟೆಲಿನ ಟೇಪ್ ರೆಕಾರ್ಡರಿನಿಂದಲೇ.

ಒಂದು ದಿನ ಮಾರಣ್ಣನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊಳವನಹಳ್ಳಿ ದಾಟಿ ಒಂದು ಊರಿಗೆ ಹೋದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳು ತಾವು ಬಚಾವಾದೆವು ಅಂದುಕೊಳ್ಳುತ್ತವೆ. ಹೋಟೆಲಿನೊಳಗೆ ಮಾರಣ್ಣನ ದನಿ ಬಾವಿಯ ಕಥೆ ಹೇಳುತ್ತಿತ್ತು. ಬೆಂಚುಗಳ ಮೇಲಿದ್ದವರು ತಲೆದೂಗುತ್ತಿದ್ದರು.

"ಬನ್ನಿ ಸ್ವಾಮಿ, ಏನ್ ಕಂಠ ಆವಯ್ಯಂದು! ಗಿರಾಕಿಗಳು ಎದ್ದೇ ಹೋಗಾಕಿಲ್ಲ" ಎಂದ ಹೋಟೆಲಿನವನು.

ನಾನು ಉಬ್ಬಿಹೋದೆ. "ಆ ಕಂಠದವ್ರೇ ಬಂದವ್ರೆ, ನೋಡಿ."

ಅವನು ಬಾಗಿಲ ಕಡೆ ನೋಡಿದ. "ಓ, ಬಂದವ್ರಾ? ಅಲ್ಲೇ ಕಲ್ಲಿನ್ ಮ್ಯಾಲೆ ಕುಂತ್ಕಳಾಕ್ ಹೇಳಿ. ಲೋಟ ಸೂರಲ್ಲೈತೆ, ತೊಳ್ಕಂಡ್ರೆ ಟೀ ಹುಯ್ತೀನಿ."

ಸೂರಿನ ಸಂದಿಯಲ್ಲಿ ಕೇರಿಯವರಿಗೆಂದು ಸಿಕ್ಕಿಸಿಟ್ಟ ಲೋಟ. ನನಗೆ ಒಳಗೆ ಬೆಂಚು, ಅವರಿಗೆ ಹೊರಗೆ ಕಲ್ಲು. ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಮಾರಣ್ಣ ಹೊಸ್ತಿಲಿಗೆ ಬಂದು ನಿಂತರು.

"ಅಲ್ಲ ಕಣಪ್ಪಾ, ಒಳಗೆ ಮಾತಾಡ್ತಿರೋನೂ ನಾನೇ. ಒಂದೋ ಅವನ್ನ ಈಚಿಕ್ ಕಳ್ಸು, ಇಲ್ಲ ನನ್ನ ಒಳಿಕ್ ಬುಡು."

"ನಂದೇನಿಲ್ಲ, ಗಿರಾಕಿಗಳು..." ಎಂದು ಅವನು ಗೊಣಗಿದ. ಗಿರಾಕಿಗಳು ತಮ್ಮ ತಮ್ಮ ಲೋಟ ನೋಡುತ್ತ ಕೂತರು. ಒಬ್ಬನಾದರೂ, ಒಬ್ಬನೇ ಒಬ್ಬನಾದರೂ, ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಲಿಲ್ಲ. ಇಷ್ಟು ವರ್ಷವಾದರೂ ನನಗೆ ಹೋಟೆಲಿನವನಿಗಿಂತ ಆ ತಲೆದೂಗಿದವರ ಮೇಲೇ ಹೆಚ್ಚು ಸಿಟ್ಟು.

ಟೇಪಿನಿಂದ ಕ್ಯಾಸೆಟ್ಟು ಕಿತ್ತುಕೊಂಡು ಜೀಪು ಹತ್ತಿದೆ. ಜೇನು, ಕರುಣೆ ಒಂದೂ ಬಾಯಿಗೆ ಬರಲಿಲ್ಲ. ಮೈಕಿನಲ್ಲಿ ಕೂಗಿದೆ: "ಈ ಹೋಟ್ಲಲ್ಲಿ ಮಾರಣ್ಣನ ದನಿ ಒಳಗಿತ್ತು, ಮಾರಣ್ಣ ಹೊರಗವ್ರೆ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಕ್ಯಾಸೆಟ್ ಕೇಳಿ!" ಮುಂದಿನ ಊರಲ್ಲೂ 'ಈ ಹೋಟ್ಲು' ಎಂಬಲ್ಲಿ 'ಹಿಂದಿನೂರ ಹೋಟ್ಲು' ಎಂದು ಬದಲಿಸಿ ಅದನ್ನೇ ಕೂಗಿದೆ, ಅದರ ಮುಂದಿನ ಊರಲ್ಲೂ. ಹೋಟೆಲಿನವರು ಕ್ಯಾಸೆಟ್ಟು ವಾಪಸು ಕಳಿಸಿದರು. "ನೀನು ಪ್ರಚಾರಕ್ಕೆ ಹೋಗಿದ್ಯೋ, ಜಗಳಕ್ಕೆ ಹೋಗಿದ್ಯೋ?" ಎಂದು ಯಜಮಾನರು ನನ್ನನ್ನು ಮನೆಗೆ ಕಳಿಸಿದರು. ಕೇರಿಗಳಲ್ಲಿ ಮಾತ್ರ ಜನ ಟೇಪ್ ರೆಕಾರ್ಡರ್ ಎರವಲು ತಂದು, ಸುತ್ತ ಕೂತು ಕೇಳಿದರು. ಮಾರಣ್ಣ ಆ ಹೋಟೆಲಿನ ಬೆಂಚಿನ ಮೇಲೆ ಒಮ್ಮೆಯೂ ಕೂರದೆಯೇ ತೀರಿಕೊಂಡರು.

ಇಷ್ಟನ್ನೂ ಕೇಳಿ ಅಣ್ಣನ ಮಗಳು, "ಚಿಕ್ಕಪ್ಪ, ಎಂಥ ಐಡಿಯಾ! ಇದನ್ನೇ ಇಟ್ಕೊಂಡು ಮಾಡ್ಬಹುದು" ಎಂದು ಬರೆದುಕೊಳ್ಳತೊಡಗಿದಳು.

"ಅದು ಐಡಿಯಾ ಅಲ್ಲ ಕಣಮ್ಮ, ಅವಮಾನ" ಎಂದು ರೇಗಿದೆ.

"ಈಗ ಹಂಗೆಲ್ಲ ಇಲ್ಲ ಬಿಡಿ."

ಇಲ್ಲವೇ? ಹೋದ ತಿಂಗಳು ಮಾರಣ್ಣನ ಮಗಳ ಜೊತೆ ಅದೇ ಹೋಟೆಲಿಗೆ ಹೋಗಿದ್ದೆ. ಈಗ ಆ ಹೋಟೆಲಿನವನ ಮಗನ ಕಾಲ. ಎಲ್ಲರಿಗೂ ಕಾಗದದ ಲೋಟ. ಯಾರ ಎಂಜಲನ್ನೂ ಯಾರೂ ತೊಳೆಯಬೇಕಾಗಿಲ್ಲ. ನಮಗಿಬ್ಬರಿಗೂ ಗಾಜಿನ ಲೋಟದಲ್ಲಿ ಕೊಡಪ್ಪ ಎಂದೆ. ಅವನು ಆಕೆಯ ಮುಖ ನೋಡಿದ. ಆಕೆ ಯಾರ ಮಗಳೆಂದು ಅವನಿಗೆ ಗೊತ್ತಿತ್ತು. ಒಳಗೆ ಹೋಗಿ ಒಂದೇ ಒಂದು ಗಾಜಿನ ಲೋಟ ತಂದು ನನ್ನ ಮುಂದಿಟ್ಟ. ಆಕೆಯ ಮುಂದೆ ಕಾಗದದ್ದು.

ಅಣ್ಣನ ಮಗಳು ಬರೆಯುವುದನ್ನು ನಿಲ್ಲಿಸಿದಳು. "ಆಮೇಲೆ?"

ಆಮೇಲೇನು? ಎರಡನೆಯ ಗಾಜಿನ ಲೋಟ ಬರುವವರೆಗೂ ನಾವಿಬ್ಬರೂ ಆ ಬೆಂಚಿನಿಂದ ಏಳಲಿಲ್ಲ.